ನಾಲ್ಕು ಬಾಯಿಯ ಹಬ್

“ಆ ಪೆನ್‌ಡ್ರೈವು ಟಿವಿಗೆ ಚುಚ್ಚಬ್ಯಾಡ ಅಂತ ಎಷ್ಟು ಸರ್ತಿ ಹೇಳ್ಬೇಕು ನಿನಗ? ಮೊದಲ ಅದರದೊಂದು ಕಾಪಿ ತಗಸೋಣು. ಆಮ್ಯಾಲೆ ಏನರ ಮಾಡ್ಕೊ.”

“ಮೂವತ್ತು ವರ್ಷ ಮಷೀನಿನ ಹೊಟ್ಟಿಯೊಳಗ ಕೈ ಹಾಕಿ ನನ್ನ ಹೊಟ್ಟಿ ಹೊರಕೊಂಡೀನಿ. ಚಪಾತಿ ಲಟ್ಟಸೋಕಿ ನನಗ ತಂತಿ ಜೋಡಸೂದು ಕಲಸ್ತಿ?”

“ಇದು ಮಷೀನಲ್ಲ ಅಣ್ಣಾ. ಇದರಾಗ ಅವ್ವ ಅದಾಳ.”

ಗುರುಬಸವ ತಂಗಿಯ ಮುಖ ನೋಡಲಿಲ್ಲ. ಗೋಡೆಯ ಮೇಲಿನ ಟಿವಿಯ ಹಿಂದೆ ಅರ್ಧ ತಲೆ ತೂರಿಸಿ, ಕೈಯಲ್ಲಿ ಬ್ಯಾಟರಿ ಹಿಡಿದು ತಂತಿ ಹುಡುಕುತ್ತಿದ್ದ. ಸುಮತಿಗೆ ಅವನ ಬೆನ್ನಿನ ಜೊತೆಗೇ ಜಗಳವಾಡಬೇಕಾಗಿತ್ತು. ಆ ಬೆನ್ನು ಸಣ್ಣಂದಿನಿಂದಲೂ ಹಾಗೇ, ಯಾರ ಮಾತನ್ನೂ ಒಳಗೆ ಬಿಟ್ಟುಕೊಂಡದ್ದಲ್ಲ.

ಭಾನುವಾರದ ಮುಂಜಾನೆ. ತೆಲುಗು ಸೀಮೆಯ ಶಹರದಲ್ಲಿ, ತಾರ್ನಾಕದ ಆ ಎರಡನೇ ಮಹಡಿಯ ಮನೆಯಲ್ಲಿ ಅಂದು ತೀರಿಕೊಂಡ ಅವ್ವ ಗದಿಗೆಮ್ಮನ ವರ್ಷದ ಗಣಾರಾಧನೆ. ಹನ್ನೆರಡಕ್ಕೆ ಅಯ್ಯನವರು ಬರುವವರು, ಅವರ ಹಿಂದೆ ಊರ ಕಡೆಯ ಮಂದಿ ಇಪ್ಪತ್ತೈದು ಎಲೆಯಷ್ಟು. ಅಡಿಗೆ ಮನೆಯಲ್ಲಿ ಗುರುಬಸವನ ಹೆಂಡತಿ ಕಮಲಾಕ್ಷಿ ಹೂರಣ ರುಬ್ಬುತ್ತಿದ್ದಳು. ಸುಮತಿಯ ಮಗಳು ಮಾನಸಾ ಅತ್ತೆಗೆ ಕೈಜೋಡಿಸಿ ಕೋಸಂಬರಿಗೆ ಸೌತೆಕಾಯಿ ಕೊಚ್ಚುತ್ತಿದ್ದಳು. ಬರುವ ತಿಂಗಳು ಅವಳ ಮದುವೆ.

ಜಗಳದ ಬುಡ ಇದ್ದದ್ದು ಆ ಮದುವೆಯಲ್ಲೇ.

ಅವರ ಮನೆತನದಲ್ಲಿ ಮದುವೆಗೆ ಮೊದಲು ಅರಿಷಿಣ ಕುಟ್ಟುವ ಶಾಸ್ತ್ರವಿದೆ. ಒರಳಿಗೆ ಅರಿಷಿಣದ ಕೊಂಬು ಹಾಕಿ ಐದು ಜನ ಮುತ್ತೈದೆಯರು ಒನಕೆ ಹಿಡಿದರೆ, ಮನೆಯ ಹಿರಿಯಾಕೆ ಗೋಡೆಗೆ ಒರಗಿ ಕೂತು ಪದ ಹಾಡಬೇಕು. ಎಲ್ಲರ ಮನೆಯ ಪದ ಅಲ್ಲ ಅದು. ಆ ಮನೆಗೆ ಸೊಸೆಯಾಗಿ ಬಂದವರನ್ನೆಲ್ಲ, ಯಾವ ಊರಿಂದ ಬಂದರೋ ಆ ಊರಿನ ಹೆಸರು ಹಿಡಿದು, ಒಬ್ಬೊಬ್ಬರನ್ನಾಗಿ ಒರಳಿನ ಹತ್ತಿರ ಕರೆಯುವ ಪದ. ಸತ್ತವರೂ ಬರಬೇಕು, ಇದ್ದವರೂ ಬರಬೇಕು. ಕರೆಯದೆ ಬಿಟ್ಟರೆ ಅರಿಷಿಣ ಮೈಗೆ ಹತ್ತುವುದಿಲ್ಲ ಎಂದು ನಂಬಿಕೆ.

ಕರಡಿಯ ಕಲ್ಲವ್ವ, ಕೈಬಳಿ ಏರಿಸವ್ವ
ಒರಳೀಗಿ ಅರಿಷಿಣ ಸುರುವವ್ವ, ನಮ್ಮನಿಯ
ಹಿರಿಮಗಳ ಮೈಯಿ ಹೊಳಿಲವ್ವ

ಹೀಗೆ ಹತ್ತೊಂಬತ್ತು ಹೆಂಗಸರು. ಸುಮತಿಗೆ ಬರುತ್ತಿದ್ದದ್ದು ಮೊದಲಿನ ಇಬ್ಬರು ಮಾತ್ರ. ಉಳಿದ ಹದಿನೇಳು ಜನ ಗದಿಗೆಮ್ಮನ ನಾಲಿಗೆಯ ಮೇಲಿದ್ದರು. ಅವ್ವ ಹಾಸಿಗೆ ಹಿಡಿದ ಮೇಲೆ ನಾರಾಯಣಗೂಡದ ತನ್ನ ಮನೆಯಲ್ಲೇ ಇಟ್ಟುಕೊಂಡು ನಾಲ್ಕು ತಿಂಗಳು ಉಚ್ಚೆ ಹೇಲು ಬಳಿದವಳು ಸುಮತಿ. ಮೈ ಹಗುರಾದ ದಿನ ಅವ್ವ ತಾನೇ ಕರೆದು, “ಬಾರಬೇ, ಹಿಡಿ ನಿನ್ನ ಡಬ್ಬಿ,” ಎಂದು ಫೋನಿನ ಮುಂದೆ ಹಾಡುತ್ತಿದ್ದಳು. ಅವ್ವ ತೀರಿಕೊಂಡ ವಾರವೇ ಆ ಫೋನು ಬಚ್ಚಲ ಬಕೆಟ್ಟಿಗೆ ಬಿದ್ದು ಸತ್ತಿತು. ಪುಣ್ಯಕ್ಕೆ ಅಷ್ಟರೊಳಗೆ ಅಬಿಡ್ಸಿನ ಅಂಗಡಿಯೊಂದರಲ್ಲಿ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿದ್ದಳು.

ಹನ್ನೊಂದನೇ ದಿನಕ್ಕೆ ಗುರುಬಸವ ಕೈ ಚಾಚಿದ. “ತಾರ ಇಲ್ಲಿ. ಅವ್ವನ ಸಾಮಾನು ಹಿರೇಮಗನ ಮನಿಯಾಗಿರಬೇಕು.” ಅಣ್ಣನ ಮಾತಿಗೆ ಎದುರಾಡದೆ ಕೊಟ್ಟಳು. ಅದು ವಿಭೂತಿ ಡಬ್ಬಿ ಸೇರಿ ದೇವರ ಜಗಲಿ ಏರಿತು. ಆಮೇಲೆ ಆಕೆ ಯುಗಾದಿಗೆ ಕೇಳಿದಳು, ಪಂಚಮಿಗೆ ಕೇಳಿದಳು, ದೀಪಾವಳಿಗೂ ಕೇಳಿದಳು. “ಎಲ್ಲಿಗೆ ಓಡಿ ಹೊಕ್ಕೈತಿ ಅದು, ಕೊಡೂಣಂತ,” ಎನ್ನುವನು. ಕೊಡಲಿಲ್ಲ. ಕೊಡಬಾರದೆಂದೇನೂ ಅಲ್ಲ. ಅವ್ವನ ಕೊನೆಯ ನಾಲ್ಕು ತಿಂಗಳು ತಂಗಿಯ ಪಾಲಾದವು, ಹಾಡಾದರೂ ತನ್ನ ಪಾಲಿಗಿರಲಿ ಎಂಬ ಹೊಟ್ಟೆಕಿಚ್ಚು. ಇದನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ.

ಇಂದು ಮಾತ್ರ ಕೊಡುತ್ತೇನೆಂದು ಒಪ್ಪಿದ್ದ. ಒಂದೇ ಕರಾರು. ಮೊದಲು ತನ್ನ ಮನೆಯ ದೊಡ್ಡ ಟಿವಿಯಲ್ಲಿ ಬಂದ ಮಂದಿಗೆಲ್ಲ ಅವ್ವನನ್ನು ತೋರಿಸಬೇಕು. ಆಮೇಲೆ ಒಯ್ಯಲಿ.

ಆ ಟಿವಿಯ ಬೆನ್ನಿಗೆ ಹೆಬ್ಬೆರಳು ಗಾತ್ರದ ಸ್ಟಿಕ್ಕು ಚುಚ್ಚಿತ್ತು. ಸಿನಿಮಾ, ಭಜನೆ, ಸುದ್ದಿ ಎಲ್ಲ ಇಂಟರ್‌ನೆಟ್ಟಿನಿಂದ ಅದರೊಳಗೇ ಬರಬೇಕು. ಅದಕ್ಕಿರುವುದು ಒಂದೇ ತೂತು, ಆ ತೂತಿಗೆ ಕರೆಂಟಿನ ವೈರು. ಪೆನ್‌ಡ್ರೈವು ಎಲ್ಲಿ ಚುಚ್ಚುವುದು? ಗುರುಬಸವ ಅಬಿಡ್ಸಿಗೆ ಹೋಗಿ ಒಂದು ಹಬ್ ತಂದ, ಒಂದು ಬಾಯಿ ನಾಲ್ಕಾಗುವ ಡಬ್ಬಿ. ಅದನ್ನು ಹಚ್ಚಿದರೆ ಸ್ಟಿಕ್ಕು ಒದ್ದೆ ಪಟಾಕಿಯಂತೆ ಹೊತ್ತುವುದು, ಆರುವುದು. ಮತ್ತೆ ಹೋಗಿ ಅಂಗಡಿಯವನ ಮೇಲೆ ಹರಿಹಾಯ್ದ. ಅವನು ತಣ್ಣಗೆ, “ಚಾಚಾ, ಇಸ್ಕು ಅಲಗ್ ಕರೆಂಟ್ ಹೋನಾ,” ಎಂದು ಬೇರೆ ಕರೆಂಟು ತೆಗೆದುಕೊಳ್ಳುವ ಇನ್ನೊಂದು ಹಬ್ ಕೊಟ್ಟ. ಚಾಚಾ ಎಂದು ಮುದುಕರ ಸಾಲಿಗೆ ಸೇರಿಸಿದ್ದಕ್ಕೆ ಗುರುಬಸವನಿಗೆ ದಾರಿಯುದ್ದಕ್ಕೂ ಸಿಟ್ಟು.

ಆದರೆ ಇದು ಸರಿ ಕೂತಿತು. ಒಂದು ಬಾಯಿಗೆ ಇಂಟರ್‌ನೆಟ್ಟಿನ ವೈರು ಹಿಡಿಸುವ ತುಂಡು, ಇನ್ನೊಂದಕ್ಕೆ ಕೀಬೋರ್ಡು. ಎರಡು ಖಾಲಿ. ಹಬ್ಬಿನ ನೆತ್ತಿಯ ಮೇಲೆ ಮೂರು ಬೆರಳು ವಿಭೂತಿಯನ್ನೂ ಎಳೆದಿದ್ದ.

“ವೈನಿ, ನೀವರ ಹೇಳ್ರಿ,” ಸುಮತಿ ಅಡಿಗೆ ಮನೆಯ ಕಡೆ ತಿರುಗಿದಳು. “ಮೂಲಿ ಮ್ಯಾಲಿನ ಅಂಗಡ್ಯಾಗ ಹತ್ತು ಮಿನಿಟಿನ ಕೆಲಸ. ಮಾನಸಾ ಓಡಿ ಹೋಗಿ ಕಾಪಿ ಮಾಡಿಸ್ಕೊಂಡು ಬರ್ತಾಳ.”

“ನನ್ನ ಮಾತು ಕೇಳೋರಾಗಿದ್ರ ಮನ್ಯಾಗ ಇಷ್ಟು ವೈರು ಇರ್ತಿದ್ದಿಲ್ಲ ಬಿಡು,” ಎಂದಳು ಕಮಲಾಕ್ಷಿ. “ಅಂಗಡಿಗೊಂದು ಕಾಲು, ಟಿವಿ ಹಿಂದೊಂದು ಕಾಲು. ತಾಳಿ ನನಗ ಕಟ್ಟ್ಯಾರೋ ಆ ಡಬ್ಬಿಗೆ ಕಟ್ಟ್ಯಾರೋ.”

ಮಾನಸಾ ನಕ್ಕಳು. ಗುರುಬಸವ ಟಿವಿಯ ಹಿಂದಿನಿಂದ ಹೊರಬಂದು, ಯಾರಿಗೂ ಮರುಮಾತಿಗೆ ಎಡೆ ಕೊಡದೆ, ವಿಭೂತಿ ಡಬ್ಬಿಯಿಂದ ಪೆನ್‌ಡ್ರೈವು ತೆಗೆದು ಕಣ್ಣಿಗೊತ್ತಿಕೊಂಡು ಮೂರನೇ ಬಾಯಿಗೆ ಚುಚ್ಚಿದ.

ಟಿವಿಯ ತುಂಬ ಇಂಗ್ಲಿಷು ಬಂತು. ಉದ್ದಕ್ಕೆ ನಾಲ್ಕು ಸಾಲು, ಕೆಳಗೆ ಎರಡು ಚೌಕ, ಮೇಲಿನ ಚೌಕಕ್ಕೆ ಹಳದಿ ಬಣ್ಣ.

ಇಲ್ಲಿ ಒಂದು ಮಾತು ಹೇಳಬೇಕು. ಗುರುಬಸವ ಓದಿದ್ದು ಕುಷ್ಟಗಿ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ. ಕನ್ನಡ ಪತ್ರಿಕೆಯನ್ನು ಮೂಲೆ ಬಿಡದೆ ಓದುವನು. ಬಸ್ಸಿನ ಬೋರ್ಡು ನೋಡಿ ನೋಡಿ ತೆಲುಗು ಅಕ್ಷರವನ್ನೂ ಪಳಗಿಸಿಕೊಂಡಿದ್ದ. ಇಂಗ್ಲಿಷಿನಲ್ಲಿ ಅವನಿಗೆ ಗೊತ್ತಿದ್ದದ್ದು ಸ್ಟಾರ್ಟ್, ಸ್ಟಾಪ್, ಡೇಂಜರ್, ಓಕೆ. ಸರಕಾರಿ ಕಾರ್ಖಾನೆಗೆ ಹೆಲ್ಪರ್ ಆಗಿ ಸೇರಿ, ಕೈಗುಣದಿಂದಲೇ ಫಿಟ್ಟರ್ ಆದವನು. ಮಷೀನಿನ ಸದ್ದು ಕೇಳಿಯೇ ರೋಗ ಹೇಳುವವನಿಗೆ ಇಂಗ್ಲಿಷು ಓದಲು ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಗೊತ್ತಿದ್ದವಳು ಕಮಲಾಕ್ಷಿ ಒಬ್ಬಳೇ. ಮನೆಗೆ ಬಂದ ಇಂಗ್ಲಿಷ್ ಕಾಗದಗಳನ್ನು ತಾನೇ ಓದಿ, “ಇಂಥಾದ್ದು ಬಂದೈತ್ರಿ,” ಎಂದಷ್ಟೇ ಅನ್ನುವಳು.

“ಮಾಮಾ, ಒಂದ್ನಿಮಿಷ ತಡೀರಿ,” ಮಾನಸಾ ಕೈಯೊರೆಸಿಕೊಳ್ಳುತ್ತ ಬಂದಳು. “ಅದು ಏನೋ ಕೇಳಾಕತ್ತೈತಿ. ಓದೋಣು.”

“ಓದೀನಿ,” ಎಂದು ಗುರುಬಸವ ರಿಮೋಟು ಹಿಡಿದು ಹಳದಿ ಚೌಕ ಒತ್ತಿದ.

ಅದು ಮತ್ತೆ ಕೇಳಿತು, ಈ ಸಲ ಕೆಂಪು ಅಕ್ಷರ. ಒತ್ತಿದ. ಇನ್ನೊಮ್ಮೆ ಕೇಳಿತು. ಒತ್ತಿದ. ಅವನ ಕಾರ್ಖಾನೆಗೆ ಬಂದ ಹೊಸ ಮಷೀನೂ ಹೀಗೇ, ಪ್ರತಿ ಕೆಲಸಕ್ಕೆ ಮೂರು ಸಲ ಕೇಳುತ್ತದೆ. ಓದುತ್ತ ಕೂತರೆ ಪಾಳಿ ಮುಗಿದು ಹೋದೀತು. ಕೇಳುವುದು ಅದರ ಚಟ, ಒತ್ತುವುದು ನಮ್ಮ ಕೆಲಸ ಎಂದು ಫಿಟ್ಟರುಗಳು ನಗಾಡುತ್ತ ಟಪ್ ಟಪ್ ಟಪ್ ಎಂದು ಒತ್ತುತ್ತಾರೆ. ಅದೇ ಕೈ, ಅದೇ ರೂಢಿ.

ಒಂದು ನೀಲಿ ಪಟ್ಟಿ ಮೂಡಿ ಎಡದಿಂದ ಬಲಕ್ಕೆ ಹರಿಯತೊಡಗಿತು. ಒಂಬತ್ತು. ಹದಿನಾಲ್ಕು.

“ನೋಡು, ಅವ್ವ ಬರಾಕತ್ತಾಳ,” ಎಂದ ತಂಗಿಯ ಕಡೆ ತಿರುಗಿ. ಮುಂಜಾನೆಯಿಂದ ಮೊದಲ ಬಾರಿಗೆ ಅವನ ಮುಖದಲ್ಲಿ ನಗುವಿತ್ತು. ಸುಮತಿಯೂ ಸೆರಗು ಹೊದ್ದು ನೆಲಕ್ಕೆ ಕೂತಳು, ಅವ್ವನೆದುರು ಕೂತಹಾಗೆ.

ಮಾನಸಾ ಮಾತ್ರ ನಿಂತೇ ಇದ್ದಳು. ಪಟ್ಟಿಯ ಕೆಳಗಿನ ಸಾಲು ಓದಿದಳು. ಮತ್ತೊಮ್ಮೆ ಓದಿದಳು.

“ಮಾಮಾ, ಇದು ಅಳಸಾಕತ್ತೈತಿ.”

“ಏನು?”

“ಆ ಸ್ಟಿಕ್ಕು ಒಳಗಿಂದೆಲ್ಲಾ ಅಳಿಸಿ ಪೆನ್‌ಡ್ರೈವನ್ನ ತನ್ನ ಜಾಗಾ ಮಾಡ್ಕೊಳಾಕತ್ತೈತಿ. ಕೀಳ್ರಿ ಮಾಮಾ ಅದನ್ನ, ಲಗೂನ ಕೀಳ್ರಿ.”

ಅವಳು ಹಬ್ಬಿಗೆ ಕೈ ಹಾಕಿದಳು. ಗುರುಬಸವ ಅವಳ ಮಣಿಕಟ್ಟು ಹಿಡಿದುಬಿಟ್ಟ. ಓಡುವ ಮಷೀನಿನ ವೈರು ನಡುವೆ ಕೀಳಬಾರದು. ಇದು ಅವನ ತಲೆಯ ಮಾತಲ್ಲ, ಕೈಯ ಮಾತು. ಹಾಗೆ ಕಿತ್ತವನೊಬ್ಬನ ಎರಡು ಬೆರಳು ಹಾರಿದ್ದನ್ನು ಕಣ್ಣಾರೆ ಕಂಡವನು. “ನಡುವ ತಗದ್ರ ಪೂರಾ ಕೆಡತೈತಿ,” ಎಂದ. ಹುಡುಗಿ ಕೊಸರಾಡಿದಳು. ಪಟ್ಟಿ ಅರವತ್ತು ದಾಟಿತು, ಎಂಬತ್ತು ದಾಟಿತು. ಕಿತ್ತಿದ್ದರೆ ಏನಾದರೂ ಉಳಿಯುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ನೂರಾಯಿತು. ಹಸಿರು ಗುರುತು ಬಂತು. ಗುರುಬಸವ ಕೈ ಬಿಟ್ಟ. ಅವಳ ಮಣಿಕಟ್ಟಿನ ಮೇಲೆ ಅವನ ನಾಲ್ಕು ಬೆರಳು ಮೂಡಿದ್ದವು.

ಮಾನಸಾ ರಿಮೋಟು ಕಸಿದುಕೊಂಡು ಒಂದೊಂದೇ ತೆರೆದು ನೋಡಿದಳು. ಖಾಲಿ. ಕಂಪ್ಯೂಟರ್ ಕೆಲಸದ ಗೆಳತಿಗೆ ಫೋನು ಹಚ್ಚಿ ತೆಲುಗಿನಲ್ಲಿ ಎರಡು ನಿಮಿಷ ಮಾತಾಡಿದಳು. ಇಟ್ಟು, ತಾಯಿಯ ಕಡೆ ನೋಡದೆ ಹೇಳಿದಳು: “ತನ್ನದಂತ ಮಾಡ್ಕೊಂಡ ಮ್ಯಾಲೆ ಅದು ತನ್ನ ಕೀಲಿ ಹಾಕ್ತದಂತ. ತಿರುಗಿ ತಗಿಯಾಕ ಬರೂದಿಲ್ಲಂತ.”

ಸುಮತಿ ಕೂತಲ್ಲೇ ಇದ್ದಳು. “ಓದೀನಿ ಅಂದೆಲ್ಲ ಅಣ್ಣಾ,” ಎಂದಳು ಮೆಲ್ಲಗೆ. “ಓದಿ ಒತ್ತಿದೇನು?”

ಅಡಿಗೆ ಮನೆಯ ಬಾಗಿಲಲ್ಲಿ ಕಮಲಾಕ್ಷಿ ಬಂದು ನಿಂತಿದ್ದಳು, ಕೈಗೆಲ್ಲ ಹೂರಣ. “ಹೇಳ್ರಿ,” ಎಂದಳು ಗಂಡನಿಗೆ. “ಹೇಳಿಬಿಡ್ರಿ, ನಿಮ್ಮ ತಂಗಿ ಮುಂದ ಏನು. ಸುಮತಿ, ಅವರಿಗೆ…”

“ನೀ ಒಳಗ ಹೋಗು.”

ಗುರುಬಸವನಿಗೂ ಗೊತ್ತಿತ್ತು. ನನಗೆ ಓದಲು ಬರಲಿಲ್ಲ ಎಂದರೆ ಆಕೆ ಅತ್ತಾಳು, ಬೈದಾಳು, ಆದರೆ ಮಧ್ಯಾಹ್ನಕ್ಕೆ ಪಂಕ್ತಿಯಲ್ಲಿ ಕೂತಾಳು. ಮೂರೇ ಮಾತು. ಗಂಟಲ ತನಕ ಬಂದವು. ಆ ಇಂಗ್ಲಿಷನ್ನು ಓದಿದ ಹುಡುಗಿ ಎದುರಿಗೆ ನಿಂತು ಅವನ ಬಾಯನ್ನೇ ನೋಡುತ್ತಿದ್ದಳು. ಮೂರೂ ಮಾತು ಕೆಳಗಿಳಿದವು, ಅವುಗಳ ಜಾಗಕ್ಕೆ ಬೇರೆ ಮಾತು ಬಂದವು.

“ನನಗೇನು ಕೇಳ್ತಿ? ನಾಕು ತಿಂಗಳ ಅವ್ವ ನಿನ್ನ ಮಗ್ಗಲ ಮಲಗಿ ಹಾಡಿದ್ಲು. ಹತ್ತೊಂಬತ್ತು ನುಡಿ ಕಲಿಯಾಕ ಆಗಲಿಲ್ಲ ನಿನಗ. ಫೋನು ಹಿಡದು ಕುಂತಿ. ಬಾಯಾಗ ಇಟ್ಕೋಬೇಕಾದ್ದನ್ನ ಡಬ್ಬಿಯೊಳಗ ಇಟ್ರ ಹಿಂಗ ಆಗೂದು.”

ಆ ಮಾತಿನಲ್ಲಿ ನಿಜವಿತ್ತು. ಸುಳ್ಳಾಗಿದ್ದರೆ ಸುಮತಿ ಅವನ ಮುಖದ ಮೇಲೆ ಉಗಿಯುತ್ತಿದ್ದಳು.

ಎದ್ದಳು. ಹೋಗಿ ಹಬ್ಬಿನ ಮೂರನೇ ಬಾಯಿಂದ ಪೆನ್‌ಡ್ರೈವು ಕಿತ್ತಳು. ವಿಭೂತಿ ಹತ್ತಿದ ಅದನ್ನು ಒಮ್ಮೆ ತಿರುಗಿಸಿ ನೋಡಿ, ಅಣ್ಣನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು.

“ತಗೋರಿ. ಅವ್ವನ ಸಾಮಾನು ಹಿರೇಮಗನ ಮನಿಯಾಗ ಇರ್ಲಿ.”

ಹುಟ್ಟಿದಂದಿನಿಂದ ಅವನಿಗೆ ನೀನು ಎಂದೇ ಅಂದವಳು. ಆ ‘ರಿ’ ಗುರುಬಸವನ ಎದೆಗೆ ತಣ್ಣಗೆ ತಾಗಿತು.

“ಸುಮತಿ.”

“ಬಾಸಿಂಗ ತರಾಕ ಬ್ಯಾರೆ ಯಾರನ್ನರ ಕರೀತೀನಿ. ನೀವು ತ್ರಾಸ ತಗೋಬ್ಯಾಡ್ರಿ.”

ಸೋದರಮಾವ ಇದ್ದೂ ಮದುಮಗಳ ಹಣೆಗೆ ಕಟ್ಟುವ ಬಾಸಿಂಗ ಬೇರೆಯವರು ತರುವುದೆಂದರೆ ಅವನು ಸತ್ತ ಲೆಕ್ಕ. ಕಮಲಾಕ್ಷಿ ಓಡಿಬಂದು ನಾದಿನಿಯ ತೋಳು ಹಿಡಿದಳು. “ಎಡಿ ಆಗೂತನಕರ ನಿಲ್ಲಬೇ. ಅವ್ವನ ದಿನ ಇವತ್ತ.”

“ಅವ್ವ ಇಲ್ಲಿ ಎಲ್ಲಿ ಅದಾಳ್ರಿ ವೈನಿ,” ಎಂದು ಸುಮತಿ ತೋಳಿನ ಮೇಲಿಂದ ಅವಳ ಕೈ ಬಿಡಿಸಿದಳು. ಹೂರಣ ಅಂಟಿದ ಸೀರೆಯನ್ನು ಒರೆಸಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿದಳು. ಮಾನಸಾ ಹಿಂದೆಯೇ ಹೋದಳು.

ಗುರುಬಸವ ಕಿಟಕಿಗೆ ಬಂದ. ಕೆಳಗೆ ಆಟೋದವನ ಜೊತೆ ಮಾನಸಾ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಸುಮತಿ ಆಗಲೇ ಒಳಗೆ ಕೂತಿದ್ದಳು. ಕರೆದರೆ ಕೇಳುವಷ್ಟು ಹತ್ತಿರ. ನನಗೆ ಓದಲು ಬರಲಿಲ್ಲ ಎಂದು ಅಲ್ಲಿಂದ ಕೂಗಬಹುದಿತ್ತು, ಅದೂ ಕನ್ನಡದಲ್ಲಿ. ಆ ಬೀದಿಯಲ್ಲಿ ಯಾರಿಗೆ ತಿಳಿಯುತ್ತಿತ್ತು? ಅವನು ಕಿಟಕಿಯ ಸರಳು ಹಿಡಿದು ನಿಂತ. ಆಟೋ ಹೊರಟಿತು. ಹಿಂದೆ ಟಿವಿಯ ಮೇಲೆ ಇನ್ನೊಂದು ಇಂಗ್ಲಿಷ್ ಸಾಲು ಬಂದಿತ್ತು, ಕಿತ್ತದ್ದನ್ನು ಮತ್ತೆ ಚುಚ್ಚು ಎಂದು ಕೇಳುತ್ತಿತ್ತೋ ಏನೋ.

ಹನ್ನೆರಡಕ್ಕೆ ಅಯ್ಯನವರು ಬಂದರು. ಎರಡು ಎಲೆ ಖಾಲಿ ಬಿಟ್ಟೇ ಪಂಕ್ತಿ ಹಾಕಿದರು. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಗುರುಬಸವ ಕತ್ತೆತ್ತುವನು. ಮುಂದಿನ ತಿಂಗಳು ಮಾನಸಾಳ ಅರಿಷಿಣವನ್ನು ನಾರಾಯಣಗೂಡದಲ್ಲಿ ಎರಡೇ ನುಡಿಗೆ ಕುಟ್ಟಿ ಮುಗಿಸಿದರೆಂದು ಅವನಿಗೆ ಬೇರೆಯವರಿಂದ ತಿಳಿಯಿತು. ಸುಮತಿ ಅಣ್ಣನ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ.