ಸೇತುವೆಯಾಚೆಯ ಕೂಲಿ

"ನಾಯಿ ಮಲಗಿದ್ದ ಗೋಣೀನೂ ಇದಕ್ಕಿಂತ ಬೆಳ್ಳಗಿರುತ್ತೆ ಕಣೇ ಬೋಸುಡಿ," ಎಂದು ಲಾಂಡ್ರಿಯ ಮೇಸ್ತ್ರಿ, ಹೋಟೆಲೊಂದರಿಂದ ಬಂದ ಒದ್ದೆ ಬೆಡ್‌ಶೀಟನ್ನು ಅಕ್ಕನ ಮುಖಕ್ಕೆ ಎಸೆದ. ಅಕ್ಕ ಅದನ್ನು ಮತ್ತೆ ತೊಟ್ಟಿಗೆ ಹಾಕಿದಳು. ಬ್ಲೀಚಿಂಗ್ ಪುಡಿಯ ಘಾಟಿಗೆ ಅವಳಿಗೆ ದಮ್ಮು ಹತ್ತಿ ವರ್ಷವಾಗಿತ್ತು. ಬಾಯಿ ಬಿಟ್ಟರೆ ಎಲ್ಲಿ ಕೆಮ್ಮು ಬರುತ್ತದೋ ಎಂದು ತುಟಿ ಕಚ್ಚಿಕೊಂಡೇ ಒಗೆಯುತ್ತಿದ್ದಳು. ಕೆಮ್ಮುವವರನ್ನು ಈ ಲಾಂಡ್ರಿಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಲಾಂಡ್ರಿ ಇರುವುದು ಹೊಳೆಯ ಈ ದಡದ ದುಬಾರಿ ಊರಿನಲ್ಲಿ. ಅಕ್ಕ ತಂಗಿ ನಾವಿಬ್ಬರೂ ಇರುವುದು ಸೇತುವೆಯಾಚೆಯ ಊರಿನ ಒಂದು ಕೋಣೆಯಲ್ಲಿ. ಅವಳದು ಒಗೆತ, ನನ್ನದು ಇಸ್ತ್ರಿ. ಎರಡೂ ಊರಿನ ಹೆಂಗಸರಿಗೆ ಒಂದೇ ಕೂಲಿ ಇತ್ತು, ಆಫೀಸಿನಿಂದ ಲೆಕ್ಕದವನು ಬರುವವರೆಗೆ.

ಅವನು ಅಕ್ಕನನ್ನು ಅಮ್ಮ ಎಂದು ಕರೆದ. ಅಷ್ಟಕ್ಕೇ ಅಕ್ಕ ಕರಗಿ ನೀರಾದಳು. ಎರಡೂ ಊರಿನ ಖರ್ಚು ಹೋಲಿಸಿ ನೋಡುತ್ತಿದ್ದೇವೆ, ಬಾಡಿಗೆ, ತರಕಾರಿ, ಬಸ್ಸಿಗೆಲ್ಲ ಎಷ್ಟಾಗುತ್ತದೆ ಎಂದು ಕೇಳಿದ. ನಮ್ಮಂಥ ಹೆಂಗಸರಿಗೆ ಇರುವ ಜಂಬ ಒಂದೇ, ಕಡಿಮೆಯಲ್ಲಿ ಸಂಸಾರ ತೂಗಿಸುವುದು. ಅದನ್ನೆಲ್ಲ ಅಕ್ಕ ಅವನ ಮುಂದೆ ಸುರಿದಳು. ಸಂತೆ ಮುಗಿಯುವ ಹೊತ್ತಿಗೆ ಹೋದರೆ ಕೊಳೆತ ತರಕಾರಿ ಕಾಲು ಬೆಲೆಗೆ ಸಿಗುತ್ತದೆಂದಳು. ಬಸ್ಸು ಯಾಕೆ, ದೇವರು ಕಾಲು ಕೊಟ್ಟಿಲ್ಲವೇ ಎಂದಳು. ಲಾಂಡ್ರಿಯವರಲ್ಲಿ ನಮ್ಮದೇ ಓಣಿಯ ಒಬ್ಬಳಿದ್ದಾಳೆ, ದೊಡ್ಡಬಾಯಿ ಅಂತಲೇ ಕರೆಯುತ್ತೇವೆ. ಅವಳು ಸುಮ್ಮನಿರುತ್ತಾಳೆಯೇ? ತಾನು ಇನ್ನೂ ಅಗ್ಗದಲ್ಲಿ ಮಕ್ಕಳನ್ನು ಸಾಕುತ್ತೇನೆಂದು ಪೈಪೋಟಿಗೆ ಬಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮದ್ದಿಗೆ ಎಷ್ಟು ಎಂದು ಅವನು ಕೇಳಿದಾಗ ಅಕ್ಕನಿಗೆ ಕೆಲಸ ಹೋಗುವ ಭಯ.

"ಮದ್ದಾ? ಕಲ್ಲು ತಿಂದ್ರೂ ಕರಗಿಸ್ಕೊಳ್ಳೋ ಜನ ಸಾರ್ ನಾವು," ಎಂದಳು.

ಮುಂದಿನ ತಿಂಗಳು ಗೋಡೆಗೆ ಕಾಗದ ಅಂಟಿಸಿದರು. ಸೇತುವೆಯಾಚೆ ಜೀವನ ಅಗ್ಗ, ಅಲ್ಲಿಂದ ಬರುವವರಿಗೆ ಮೂರರಲ್ಲಿ ಎರಡು ಪಾಲು ಕೂಲಿ ಸಾಕು ಎಂದಿತ್ತು. ತೊಟ್ಟಿ ಅದೇ, ಮೇಸ್ತ್ರಿಯ ಬೈಗುಳವೂ ಅದೇ.

"ನಿನ್ನ ನಾಲಿಗೆಗೆ ಹುಳ ಬೀಳ! ನನ್ ಮಕ್ಳ ಬಾಯಿಗೆ ಮಣ್ಣು ಹಾಕಿದ್ಯಲ್ಲೇ," ಎಂದಳು ದೊಡ್ಡಬಾಯಿ. ಅವತ್ತಿನಿಂದ ಹೆಂಗಸರೆಲ್ಲ ಅಕ್ಕನಿಗೆ ಬೆನ್ನು ಹಾಕಿ ಕೂತು ಉಣ್ಣತೊಡಗಿದರು. ದಮ್ಮನ್ನು ತಡೆದುಕೊಂಡವಳು ಇದನ್ನು ತಡೆದುಕೊಳ್ಳಲಾರದೆ ಹೋದಳು. ನನ್ನ ಅಕ್ಕ ತುತ್ತು ಹಿಡಿದು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮದ್ದಿನ ಬೆಲೆ ಮಾತ್ರ ಎರಡೂ ದಡದಲ್ಲಿ ಒಂದೇ. ತಿಂಗಳ ಮದ್ದನ್ನು ಅವಳು ಎರಡು ತಿಂಗಳು ಎಳೆದಳು, ಆಮೇಲೆ ಬಿಟ್ಟೇಬಿಟ್ಟಳು. ಸೇತುವೆ ದಾಟುವಾಗ ನಾಲ್ಕು ಕಡೆ ನಿಲ್ಲುತ್ತಿದ್ದಳು. ಕೇಳಿದರೆ ಹೊಳೆ ನೋಡುತ್ತಿದ್ದೇನೆ ಎನ್ನುತ್ತಿದ್ದಳು.

ನಿನ್ನೆ ಲೆಕ್ಕದವನು ಮತ್ತೆ ಬಂದ. ಅವತ್ತು ಹೇಳಿದ್ದೆಲ್ಲ ನಿಜವೆಂದು ಬರೆದ ಕಾಗದಕ್ಕೆ ನಾವು ಸಹಿ ಹಾಕಬೇಕಿತ್ತು, ಹಾಕದವರು ನಾಳೆಯಿಂದ ಬರುವುದು ಬೇಡ ಎಂದ. ಮೊದಲು ಅಕ್ಕನನ್ನೇ ಕರೆದರು. ಅವಳು ಪೆನ್ನು ಮುಟ್ಟಲಿಲ್ಲ.

"ನಾನವತ್ತು ಹೇಳಿದ್ದು ಸುಳ್ಳು. ನಂಗೆ ದಮ್ಮಿದೆ, ಕೊಟ್ಟಿದ್ದು ನಿಮ್ ಪುಡೀನೇ. ಬರ್ಕೊಳ್ಳಿ. ಕೊಳೆತಿದ್ದು ತಿಂತೀವಿ ಅಂದ್ರೆ ಅದು ನಮ್ಮೂರಿನ ಬೆಲೆ ಅಲ್ಲ ಸಾರ್, ನಮ್ ಗತಿ."

ಅಷ್ಟು ದಿನ ನುಂಗಿದ ಕೆಮ್ಮೆಲ್ಲ ಆಗ ಹೊರಗೆ ಬಂತು. ಮೇಜು ಹಿಡಿದುಕೊಂಡು ಬಗ್ಗಿ ಕೆಮ್ಮಿದಳು. ಲೆಕ್ಕದವನು ಕಾಗದಗಳನ್ನು ಪಕ್ಕಕ್ಕೆ ಎಳೆದುಕೊಂಡ. ರೋಗಿಷ್ಟ ಮುಂಡೆ, ಹೊರಗೆ ನಡಿ ಎಂದು ಮೇಸ್ತ್ರಿ ಅವಳನ್ನು ಬಾಗಿಲಿಗೆ ತಳ್ಳಿದ.

ಎರಡನೆಯ ಸರದಿ ದೊಡ್ಡಬಾಯಿಯದು. ಅವಳು ಕಾಗದ ನೋಡಿದಳು, ಬಾಗಿಲ ಚೌಕಟ್ಟು ಹಿಡಿದು ನಿಂತ ಅಕ್ಕನನ್ನು ನೋಡಿದಳು. "ನಂದೂ ಸುಳ್ಳೇ," ಎಂದು ಹೋಗಿ ಅಕ್ಕನ ರಟ್ಟೆ ಹಿಡಿದುಕೊಂಡಳು. ಅವಳ ಹಿಂದೆ ಇನ್ನಿಬ್ಬರು ಹೋದರು.

ಆಮೇಲೆ ನನ್ನನ್ನು ಕರೆದರು. ಅಕ್ಕನ ಮದ್ದಿಗೆ ಇನ್ನು ಇರುವುದು ನನ್ನ ಕೂಲಿ ಒಂದೇ. ನಾನು ಅವಳ ಕಡೆ ನೋಡದೆ ಸಹಿ ಹಾಕಿದೆ. ತಲೆಯೆತ್ತಿದಾಗ ಅವಳು ದೊಡ್ಡಬಾಯಿಯ ಭುಜ ಹಿಡಿದುಕೊಂಡು ಸೇತುವೆಯ ಕಡೆ ನಡೆಯುತ್ತಿದ್ದಳು, ತಿರುಗಿ ನೋಡಲಿಲ್ಲ.