ಮೂರಡಿ ಆಚೆಗಿನ ಗೂಟ

ಮುನಿರತ್ನಮ್ಮನಿಗೆ ಗೂಟ ಕಂಡರೆ ಆಗುತ್ತಿರಲಿಲ್ಲ. ದನ ಕಟ್ಟುವ ಗೂಟದ ಮಾತಲ್ಲ. ತುದಿಗೆ ಸುಣ್ಣ ಬಳಿದು, ದಾರ ಹಿಡಿದು, ಸಾಲಾಗಿ ನೆಡುತ್ತಾರಲ್ಲ, ಆ ಗೂಟದ ಮಾತು. ಹದಿನೈದು ವರ್ಷದ ಹಿಂದೆ ಅಂಥವೇ ನಾಲ್ಕು ಅವಳ ರಾಗಿ ಹೊಲಕ್ಕೆ ಬಂದಿದ್ದವು. ಮೊದಲು ಗೂಟ, ಆಮೇಲೆ ಅವಳಿಗೆ ಓದಲು ಬಾರದ ತಮಿಳಿನ ಕಾಗದ, ಆಮೇಲೆ ತಂತಿ ಬೇಲಿ. ಈಗ ಆ ಹೊಲದಲ್ಲಿ ದೊಡ್ಡ ಗೋದಾಮಿದೆ. ಅದರ ಗೇಟಿನ ಮುಂದೆ ಅವಳು ಎರಡು ನಿಮಿಷ ನಿಂತರೆ ಕಾವಲಿನವನು ಯಾರು, ಏನು ಬೇಕು ಎಂದು ವಿಚಾರಿಸುತ್ತಾನೆ.

ಹೀಗಿರುವಾಗ ಭಾನುವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದರೆ ತನ್ನ ಮನೆಯ ಮುಂದೆಯೇ ನಾಲ್ಕು ಗೂಟ! ಅದೂ ಎರಡು ಹಸು ಕಟ್ಟುವ ಜಾಗದ ನಟ್ಟನಡುವೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಏನಪ್ಪಾ ಇದು ಚಲಪತಿ? ನನ್ ಮನೆ ಮುಂದೆ ಗೂಟ ಹೊಡ್ಯಾಕೆ ಯಾರ್ನ ಕೇಳ್ದೆ?"

ಚಲಪತಿ ಲಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನು. ನಿವೃತ್ತಿ ಕೆಲಸಕ್ಕೆ ಮಾತ್ರ, ಸೂಪರ್‌ವೈಸರ್‌ಗಿರಿಗೆ ಅಲ್ಲ. ಗಡಿಯಾಚೆ ತಮಿಳು ಸೀಮೆಗೆ ಸೇರಿದ ಜೂಜುವಾಡಿಯಲ್ಲಿ, ಹೆದ್ದಾರಿಯ ಹಿಂದಿರುವ ಈ ಬೀದಿಗೆ ಚರಂಡಿಯೇ ಇರಲಿಲ್ಲ. ಬಚ್ಚಲು ನೀರೆಲ್ಲ ಬೀದಿಯಲ್ಲೇ ನಿಂತು ನಾರುತ್ತಿತ್ತು. ಹೋದ ವರ್ಷ ಡೆಂಗ್ಯೂ ಬಂದು ಮೂವರು ಆಸ್ಪತ್ರೆ ಸೇರಿದ್ದರು. ಅರ್ಜಿ ಕೊಟ್ಟಲ್ಲೆಲ್ಲ ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂದಾಗ, ನಾವೇ ಅಗೆಯೋಣ ಎಂದು ಚಲಪತಿ ಮನೆಮನೆಗೂ ಹೋಗಿ ಜನ ಕೂಡಿಸಿದ್ದ. ಕೂಡಿಸಿದ ಮೇಲೆ ಕಾರ್ಖಾನೆಯ ಥರವೇ ಕೆಲಸ ಹಂಚಿದ. ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟು ಮುಗಿಸಿದವರು ಸಂಜೆ ನಾಲ್ಕಕ್ಕೆ ಬಂದು, ಕತ್ತಲಾಗುವ ತನಕ ಬೀದಿಯ ಮೇಲ್ತುದಿಯಿಂದ ಅಗೆಯಬೇಕು. ಸೆಕೆಂಡ್ ಶಿಫ್ಟಿನವರು ಬೆಳಿಗ್ಗೆ ಹಳ್ಳದ ಕಡೆಯಿಂದ ಅಗೆಯುತ್ತ ಬಂದು, ಹತ್ತಕ್ಕೆ ಬಿಟ್ಟು, ಉಂಡು ಕಾರ್ಖಾನೆಯ ಬಸ್ಸು ಹತ್ತಬೇಕು. ಇವರ ಮುಖ ಅವರು ನೋಡುವ ಹಾಗಿಲ್ಲ, ನೋಡಬೇಕಾದ್ದೂ ಇಲ್ಲ. "ಗೂಟ ನೋಡ್ಕಂಡು ಅಗೀರಿ, ಮಾತು ಬ್ಯಾಡ" ಎಂಬುದೇ ಅವನ ಅಪ್ಪಣೆ.

"ಜಾಗ ಯಾರೂ ತಗಣಲ್ಲ ಕಣಕ್ಕ," ಎಂದ ಚಲಪತಿ. "ಲೆವೆಲ್ ನೋಡಿ ಗೂಟ ಹೊಡೆದೋಳು ವೆಂಕಟಲಕ್ಷ್ಮಿ. ಅವ್ಳನ್ನೇ ಕೇಳು."

ವೆಂಕಟಲಕ್ಷ್ಮಿ ಪಕ್ಕದ ಲಕ್ಷ್ಮೀಪತಿಯ ಹಿತ್ತಿಲ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸು. ರಾಯಕೋಟೆ ಕಡೆಯ ತೆಲುಗಿನವಳು. ಕನ್ನಡ ಇಲ್ಲಿಗೆ ಬಂದು ಕಲಿತಿದ್ದಳು. ಗಂಡ ಗಾರೆ ಮೇಸ್ತ್ರಿ, ಅವನ ಜೊತೆ ದುಡಿದು ನೀರು ತುಂಬಿದ ಟ್ಯೂಬಿನಲ್ಲಿ ಮಟ್ಟ ನೋಡುವುದನ್ನು ಕಲಿತವಳು. ಈಗ ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟು.

"ಬೀದಿ ಕಡೆ ಬಂಡೆ ಐತಮ್ಮಾ," ಎಂದಳು ಅವಳು ನಗುತ್ತ. "ಅದಕ್ಕೇ ಮೂರಡಿ ಈ ಕಡೆ ತಿರುಗಿಸ್ದೆ. ಮೇಲೆ ಚಪ್ಪಡಿ ಹಾಕ್ತೀವಿ. ಹಸ ಮೊದ್ಲಿನಂಗೇ ಕಟ್ಕಬೋದು."

ಆ ನಗುವೇ ಮುನಿರತ್ನಮ್ಮನಿಗೆ ಸರಿಬರಲಿಲ್ಲ. ಹೊಲ ತೆಗೆದುಕೊಂಡವರೂ ಬಂದ ದಿನ ನಗುನಗುತ್ತಲೇ ಮಾತಾಡಿದ್ದರು, ಎಳನೀರು ಕುಡಿದಿದ್ದರು. ಬಾಡಿಗೆಯವಳಿಗೆ ಈ ಬೀದಿಯ ಉಸಾಬರಿ ಯಾಕೆ? ಚಲಪತಿ ಇಷ್ಟು ಓಡಾಡುವುದು ಯಾಕೆ, ಕೌನ್ಸಿಲರ್ ಆಗುವುದಕ್ಕೋ? ಅದಿರಲಿ, ಇಷ್ಟು ಅಗಲದ ಬೀದಿಯಲ್ಲಿ ಬಂಡೆ ಸರಿಯಾಗಿ ತನ್ನ ಮನೆಯೆದುರಿಗೇ ಹೇಗೆ ಬಂತು? ಎರಡು ದಿನ ಅವಳು ಹಾಲು ಕರೆಯುವಾಗಲೂ ಗೂಟ ನೋಡುತ್ತಲೇ ಕೂತಳು. ಈ ಮೂರಡಿ ಹೋದರೆ ಹಸು ಕಟ್ಟಲು ಜಾಗವಿಲ್ಲ, ಹಸು ಹೋದರೆ ತನ್ನದು ಎನ್ನುವುದು ಏನೂ ಉಳಿಯುವುದಿಲ್ಲ. ಅವಳ ಭಯ ಇಷ್ಟೇ, ಆದರೆ ಅದು ಸಣ್ಣ ಭಯವಲ್ಲ.

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಸೆಕೆಂಡ್ ಶಿಫ್ಟಿನವರು ಹೋಗಿ ಆಗಿತ್ತು, ಫಸ್ಟ್ ಶಿಫ್ಟಿನವರು ಬಂದಿರಲಿಲ್ಲ. ಬೀದಿ ಬಿಕೋ ಎನ್ನುತ್ತಿತ್ತು. ಮುನಿರತ್ನಮ್ಮ ನಾಲ್ಕೂ ಗೂಟ ಕಿತ್ತು ಮೂರಡಿ ಆಚೆಗೆ, ಬೀದಿಯ ಕಡೆಗೆ, ಸಾಲು ಕೆಡದಂತೆ ನೆಟ್ಟಳು. ಹಳೆಯ ತೂತುಗಳಿಗೆ ಮಣ್ಣು ತುಂಬಿ, ಮೇಲೆ ಸಗಣಿ ಸಾರಿಸಿದಳು. ಅಂದು ಅವಳಿಗೆ ಒಳ್ಳೆಯ ನಿದ್ದೆ ಬಂತು.

ಬುಧವಾರ ಬೆಳಿಗ್ಗೆ ಸೆಕೆಂಡ್ ಶಿಫ್ಟಿನವರು ಅಗೆಯುತ್ತ ಅಲ್ಲಿಗೆ ಬಂದರು. ಗೂಟ ಎಲ್ಲಿತ್ತೋ ಅಲ್ಲಿ ಹಾರೆ ಹಾಕಿದರು. ಠಣ್ ಎಂದಿತು. ಬಂಡೆ ನಿಜವಾಗಿಯೂ ಇತ್ತು! ಯಾರಾದರೂ ಅನುಮಾನಪಟ್ಟು ನಿಲ್ಲಿಸುತ್ತಾರೆಂದು ಮುನಿರತ್ನಮ್ಮ ಕಾದಳು. ಯಾರೂ ನಿಲ್ಲಿಸಲಿಲ್ಲ, ಕಾರ್ಖಾನೆಯಲ್ಲಿ ಗುರುತು ಹಾಕಿದ ಮೇಲೆ ಪ್ರಶ್ನೆ ಕೇಳಿ ಅಭ್ಯಾಸವಿಲ್ಲದ ಜನ. ಗುರುವಾರ ಸುತ್ತಿಗೆ ತಂದು ಒಡೆಯತೊಡಗಿದರು. ಚೂರೊಂದು ಸಿಡಿದು ಬಾಲಾಜಿ ಎಂಬವನ ಹುಬ್ಬಿಗೆ ಬಡಿದು ಐದು ಹೊಲಿಗೆ ಬಿತ್ತು. ಕೂದಲೆಳೆಯಷ್ಟರಲ್ಲಿ ಕಣ್ಣು ಉಳಿಯಿತು. ಶುಕ್ರವಾರ ಸಂಜೆ ಜೋರು ಮಳೆ ಬಂದು, ಮೇಲಿಂದ ಅಗೆದ ಕಾಲುವೆಯ ನೀರು ಮುಂದೆ ದಾರಿಯಿಲ್ಲದೆ ಲಕ್ಷ್ಮೀಪತಿಯ ಮನೆಗೆ ನುಗ್ಗಿತು.

ಭಾನುವಾರ ಎರಡೂ ಶಿಫ್ಟಿನವರು ಮೊದಲ ಸಲ ಒಟ್ಟಿಗೆ ಸೇರಿದರು, ಜಗಳವಾಡುವುದಕ್ಕೆ. ನೀವು ಕಿತ್ತಿರಿ ಎಂದು ಇವರು, ನೀವು ಕಿತ್ತಿರಿ ಎಂದು ಅವರು. ಕೊನೆಗೆ ಎರಡೂ ಕಡೆಯವರಿಗೆ ಒಪ್ಪಿಗೆಯಾಗುವಂಥ ಒಬ್ಬಳು ಸಿಕ್ಕಳು.

"ಇವ್ಳೇ ಕಿತ್ತಿರೋದು," ಎಂದ ಲಕ್ಷ್ಮೀಪತಿ, ವೆಂಕಟಲಕ್ಷ್ಮಿಯ ಕಡೆ ಕೈ ತೋರಿಸಿ. "ಮೋಟಾರ್ ನೀರು ಅರ್ಧ ಗಂಟೆ ಮಾತ್ರ ಬಿಡ್ತೀನಿ ಅಂದಿದ್ಕೆ ನನ್ ಮೇಲೆ ಹೊಟ್ಟೆಕಿಚ್ಚು. ನನ್ ಮನೆಗೆ ನೀರು ನುಗ್ಲಿ ಅಂತ್ಲೇ ಮಾಡವ್ಳೆ."

"ನಾನು ನೆಟ್ಟ ಜಾಗ ಅದಲ್ಲಣ್ಣ," ಎಂದಳು ವೆಂಕಟಲಕ್ಷ್ಮಿ. ಹೇಳುವಾಗ ಒಂದು ಸಲ ಮುನಿರತ್ನಮ್ಮನ ಕಡೆ ನೋಡಿದಳು.

ಚಲಪತಿಯೂ ತಿರುಗಿ ನೋಡಿದ. "ಅಕ್ಕ, ನಿನ್ ಮನೆ ಮುಂದೇನೇ ಅಲ್ವಾ? ನೀನೇನಾರಾ ಕಂಡ್ಯಾ?"

ಬೀದಿಯ ಕಣ್ಣೆಲ್ಲ ತನ್ನ ಮೇಲೆ ಬಿದ್ದಾಗ ಮುನಿರತ್ನಮ್ಮನ ಬಾಯಿ ತಾನಾಗಿಯೇ ಆಡಿತು. "ಮಂಗಳವಾರ ಮಧ್ಯಾಹ್ನ ಯಾವ್ದೋ ಹೆಂಗ್ಸು ಅಲ್ಲಿ ಬಗ್ಗಿದ್ದಂಗಿತ್ತು."

ಅದು ಸುಳ್ಳೂ ಅಲ್ಲ. ಆದರೆ ಮಂಗಳವಾರ ವೆಂಕಟಲಕ್ಷ್ಮಿಗೆ ವಾರದ ರಜೆ, ಅವಳು ದಿನವಿಡೀ ಮನೆಯಲ್ಲೇ ಇದ್ದಳು ಎಂಬುದು ಮುನಿರತ್ನಮ್ಮನಿಗೆ ಗೊತ್ತಿರಲಿಲ್ಲ. ಉಳಿದ ಎಲ್ಲರಿಗೂ ಗೊತ್ತಿತ್ತು. ಗದ್ದಲದಲ್ಲಿ ಲಕ್ಷ್ಮೀಪತಿ ನಾಳೆಯೇ ಮನೆ ಖಾಲಿ ಮಾಡು ಎಂದು ಕೂಗಿದ. ಬೇಡ ಎನ್ನಲು ಒಬ್ಬರೂ ಇರಲಿಲ್ಲ.

ಆ ಮಧ್ಯಾಹ್ನದ ಮುದ್ದೆಯನ್ನು ಮುನಿರತ್ನಮ್ಮ ಹಸುವಿನ ಮುಂದಿಟ್ಟಳು. ಮೂರಡಿ ಜಾಗ ಉಳಿಸಿಕೊಳ್ಳಲು ಹೋಗಿ ಒಬ್ಬಳ ಸೂರು ತೆಗೆದೆನಲ್ಲ ಎಂದುಕೊಂಡಳು. ಹೊಲ ಕಳೆದುಕೊಂಡ ದಿನ ತಾನು ಯಾರಿಗೆ ಶಾಪ ಹಾಕಿದ್ದಳೋ, ಇಂದು ಆ ಸಾಲಿನಲ್ಲೇ ನಿಂತಿದ್ದಳು.

ಸೋಮವಾರ ನಾಲ್ಕಕ್ಕೆ ಫಸ್ಟ್ ಶಿಫ್ಟಿನ ಬಸ್ಸು ಇಳಿದವರು ಗುದ್ದಲಿ ಹಿಡಿದು ಬಂದಾಗ ಅವಳು ಅಡ್ಡ ನಿಂತಳು.

"ಗೂಟ ಕಿತ್ತೋಳು ನಾನು."

ಯಾರೂ ನಂಬಲಿಲ್ಲ, ಗೂಟ ಕಂಡು ಅವಳು ರೇಗಿದ್ದನ್ನು ನೋಡಿದ್ದ ಚಲಪತಿ ಕೂಡ. "ಪಾಪ ಅಂತ ಅವ್ಳ ತಪ್ನ ನೀನ್ಯಾಕಕ್ಕ ತಲೆ ಮೇಲೆ ಹಾಕ್ಕಂತೀಯ?" ಎಂದ ಚಲಪತಿ. ಲಕ್ಷ್ಮೀಪತಿ ಕಣ್ಣು ಕಿರಿದಾಗಿಸಿ, "ಏನಾರಾ ಕೊಟ್ಲಾ ನಿಂಗೆ?" ಎಂದು ಕೇಳಿದ.

ಮುನಿರತ್ನಮ್ಮನಿಗೆ ರೇಗಿತು. ಒಬ್ಬನ ಕೈಯಿಂದ ಹಾರೆ ಕಸಿದುಕೊಂಡು, ಹಸು ಕಟ್ಟುವ ಕಡೆ ಸಾರಿಸಿದ್ದ ಸಗಣಿಯ ಪದರ ಎಬ್ಬಿಸಿದಳು. ಸಡಿಲ ಮಣ್ಣಿನ ನಾಲ್ಕು ತೂತು ಸಾಲಾಗಿ ಕಾಣಿಸಿದವು. "ನೋಡ್ಕಳ್ರಿ. ಅಗೀರಿ ಇಲ್ಲೇ. ಹಸ ಎಲ್ಲಾದ್ರೂ ಕಟ್ಕಂತೀನಿ," ಎಂದು ಹಾರೆ ಎಸೆದು, ಉತ್ತರಕ್ಕೂ ಕಾಯದೆ ವೆಂಕಟಲಕ್ಷ್ಮಿಯ ಬಾಗಿಲಿಗೆ ಹೋದಳು.

ಒಳಗೆ ಪಾತ್ರೆಗಳನ್ನೆಲ್ಲ ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದ ವೆಂಕಟಲಕ್ಷ್ಮಿ ತಲೆಯೆತ್ತಿದಳು.

"ತಪ್ಪು ನಂದೇ ಕಣಮ್ಮಾ. ಎಲ್ರ ಮುಂದೂ ಹೇಳ್ಬುಟ್ಟೆ."

"ನಂಗೆ ಬಾಲಾಜಿಗೆ ಏಟು ಬಿದ್ದ ದಿನಾನೇ ಗೊತ್ತಾಯ್ತು," ಎಂದಳು ಅವಳು. "ಸಗಣಿ ಸಾರಿಸಿದ್ದು ನೋಡ್ದೆ."

"ಮತ್ತೆ ಯಾಕೆ ಬಾಯ್ ಬಿಡ್ಲಿಲ್ಲ?"

"ಬಿಟ್ಟಿದ್ರೆ? ಬಾಡಿಗೆಯೋಳ ಮಾತು ನಂಬ್ತಿದ್ರಾ, ನಿಮ್ಮ ಮಾತು ನಂಬ್ತಿದ್ರಾ?"

ಮುನಿರತ್ನಮ್ಮನಿಗೆ ನಾಚಿಕೆಯಾಯಿತು. ಹೊಸ್ತಿಲ ಆಚೆಯೇ ನಿಂತು ಸೆರಗು ಹಿಂಡಿದಳು. ಹೊರಗೆ ಅವಳದೇ ಅಂಗಳದಲ್ಲಿ ಗುದ್ದಲಿ ಬೀಳುವ ಸದ್ದು ಕೇಳತೊಡಗಿತ್ತು. ಅವಳು ತಿರುಗಿ ನೋಡಲಿಲ್ಲ.

"ನಮ್ಮನೆ ಹಿಂದ್ಗಡೆ ರೂಮು ಖಾಲಿ ಐತೆ. ಬಂದ್ಬುಡ್ರಿ ನೀನೂ ನಿನ್ ಗಂಡನೂ. ಬಾಡಿಗೇನೂ ಬ್ಯಾಡ."

ಗಂಟು ಬಿಗಿಯುತ್ತಿದ್ದ ಕೈ ನಿಂತಿತು. ವೆಂಕಟಲಕ್ಷ್ಮಿ ಅವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ದನಿಯಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದಳು.

"ಯಾಕಮ್ಮಾ? ನನ್ನಿಂದ ನಿಮಗೇನು ಬೇಕು?"

ಮುನಿರತ್ನಮ್ಮ ಏನೂ ಬೇಡ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಹೇಳಿದರೆ ಅವಳು ನಂಬುವುದಿಲ್ಲ. ಅವಳ ಜಾಗದಲ್ಲಿ ತಾನಿದ್ದರೂ ನಂಬುತ್ತಿರಲಿಲ್ಲ.