ಹಿಲ್ಡಾ ಆಂಟಿಯ ಇಂಗ್ಲಿಷು

ನಾನು ಡಾರ್ವಿನ್ ಪಟ್ಟಣಕ್ಕೆ ಬಂದಾಗ ನನಗೆ ಇಂಗ್ಲಿಷಿನ ಒಂದು ಮಾತೂ ಬರುತ್ತಿರಲಿಲ್ಲ. ಗ್ರೀಸಿನ ಕಾಲಿಮ್ನೋಸ್ ದ್ವೀಪದವಳು ನಾನು, ಹೆಸರು ಥೆಮೆಲೀನಾ. ಗಂಡ ಮಿಖಾಲಿಸ್ ಕಟ್ಟಡದ ಕೆಲಸಕ್ಕೆ ಬೆಳಕು ಹರಿಯುವ ಮುಂಚೆ ಹೋದರೆ ಬರುವುದು ಸಂಜೆಗೇ. ನಮ್ಮ ದ್ವೀಪದವರು ಆ ಊರಲ್ಲಿ ಬೇಕಾದಷ್ಟು ಜನ ಇದ್ದರು, ನಮ್ಮ ಬೀದಿಯಲ್ಲಿ ಮಾತ್ರ ಯಾರೂ ಇರಲಿಲ್ಲ. ಇಡೀ ದಿನ ಗೋಡೆಯ ಜೊತೆ ಮಾತಾಡಬೇಕಿತ್ತು.

ಪಕ್ಕದ ಮನೆಯಲ್ಲಿ ಹಿಲ್ಡಾ ಆಂಟಿ ಇದ್ದರು. ಐವತ್ತರ ಆಸುಪಾಸು. ಬಿಳಿಯರು ಬರುವ ಮುಂಚಿನಿಂದ ಆ ನೆಲದಲ್ಲಿದ್ದ ಮೂಲ ಜನರ ಪೈಕಿ. ಒಂದು ದಿನ ಎರಡು ಮೀನು ಹಿಡಿದುಕೊಂಡು ಬೇಲಿಯ ಹತ್ತಿರ ಬಂದು ಏನೋ ಕೇಳಿದರು. ಬೇಕಾ ಅಂತ ಕೇಳುತ್ತಿದ್ದಾರೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ಖುಷಿಯಿಂದ "ನೇ, ನೇ" ಎಂದೆ. ನಮ್ಮ ಗ್ರೀಕಿನಲ್ಲಿ ‘ನೇ’ ಅಂದರೆ ಹೌದು. ಇಂಗ್ಲಿಷಿನವರ ಕಿವಿಗೆ ಅದು ಬೇಡ ಎಂದು ಕೇಳಿಸುತ್ತದೆ ಅಂತ ನನಗೇನು ಗೊತ್ತು? ಅವರು ಆಗಲಿ ಎನ್ನುವಂತೆ ತಲೆಯಾಡಿಸಿ, ಮೀನು ತೆಗೆದುಕೊಂಡು ಹೊರಟೇಬಿಟ್ಟರು. ನಾನು "ನೇ! ನೇ!" ಎಂದು ಕೂಗುತ್ತ ಬೆನ್ನು ಹತ್ತಿದೆ. ನಾನು ಕೂಗಿದಷ್ಟೂ ಅವರ ನಡಿಗೆ ಜೋರಾಯಿತು. ಕೊನೆಗೆ ಅವರ ಮನೆಯ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿ, ಒಂದು ಮೀನಿನ ಬಾಲ ಹಿಡಿದು ಎಳೆದೆ.

ಅವರು ನನ್ನನ್ನೊಮ್ಮೆ, ಮೀನನ್ನೊಮ್ಮೆ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮೀನನ್ನು ನನ್ನ ಮಡಿಲಿಗೆ ಹಾಕಿ, "ಯೆಸ್," ಎಂದರು. ನಾನೂ "ಯೆಸ್" ಎಂದೆ. ಪಾಠ ಶುರುವಾದದ್ದು ಹೀಗೆ.

ಆಂಟಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಅದು ಮುಗಿಸಿ ಬಂದವರೇ ನನ್ನನ್ನು ಕರೆದು ಮೆಟ್ಟಿಲ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಮೀನು ಹೆಚ್ಚುತ್ತ, ಬಟ್ಟೆ ಮಡಚುತ್ತ ಮಾತು. ಅವರು ನನ್ನ ತಪ್ಪನ್ನು ತಪ್ಪು ಎಂದು ಒಂದು ದಿನವೂ ಹೇಳಲಿಲ್ಲ.

"ಆಂಟಿ, ನಿನ್ನೆ ನಾನು ಅಂಗಡಿ ಹೋಗ್ತೀನಿ," ಎಂದರೆ,

"ಓ, ನಿನ್ನೆ ನೀನು ಅಂಗಡಿಗೆ ಹೋಗಿದ್ಯಾ? ಏನ್ ತಂದೆ?" ಎಂದು ಕೇಳುವರು. ಆ ಪ್ರಶ್ನೆಯೊಳಗೇ ಸರಿಯಾದ ಮಾತು ಇರುತ್ತಿತ್ತು. ನನಗೆ ತಿಳಿಯದ ಹಾಗೆ ಅದು ನನ್ನ ಬಾಯಿಗೆ ಬಂದು ಸೇರುತ್ತಿತ್ತು. ನಮ್ಮ ನಾಲಗೆಗೆ ‘ಶ’ ಹೊರಳುವುದಿಲ್ಲ. ಫಿಶ್ ಅನ್ನುವುದು ವರ್ಷಗಟ್ಟಲೆ ಫಿಸ್ ಆಗಿಯೇ ಇತ್ತು. ಅದಕ್ಕೂ ಅವರು ಸುಮ್ಮನಿದ್ದರು.

ಮಾತು ಸ್ವಲ್ಪ ಕೂಡಿ ಬಂದ ಮೇಲೆ ಒಮ್ಮೆ ಕೇಳಿದೆ. "ನೀವು ಯಾಕೆ ನಂಗೆ ಬೈಯೋದೇ ಇಲ್ಲ ಆಂಟಿ?"

"ಬೈಸ್ಕೊಂಡು ಕಲ್ತೋಳು ನಾನು, ಅದಕ್ಕೆ," ಎಂದರು. "ನನಗೇನು ಇದು ಹುಟ್ಟಿದಾಗಿಂದ ಬಂದಿದ್ದು ಅಂದ್ಕೊಂಡ್ಯಾ? ಐದು ವರ್ಷದವಳನ್ನ ಸರ್ಕಾರದೋರು ಅಮ್ಮನ ಹತ್ರದಿಂದ ಎತ್ಕೊಂಡೋಗಿ ಪಾದ್ರಿಗಳ ಮಿಷನ್ ಮನೇಲಿ ಬಿಟ್ರು. ಅಮ್ಮನ ಮಾತು ಬಾಯಿಗೆ ಬಂದ್ರೆ ಸೋಪು ಹಾಕಿ ಬಾಯಿ ತೊಳೆಯೋರು. ಬೇಗ ಕಲಿತೆ ಬಿಡು." ಅಷ್ಟು ಹೇಳಿ ಮಡಚಿದ ಟವೆಲನ್ನು ಮತ್ತೆ ಬಿಡಿಸಿ ಮಡಚಿದರು.

ಅವರ ಇಂಗ್ಲಿಷು ನನ್ನ ಕೈಹಿಡಿಯಿತು. ಡಾಕ್ಟರ ಹತ್ತಿರ ನನ್ನ ನೋವನ್ನು ನಾನೇ ಹೇಳಿಕೊಂಡೆ. ಶಾಲೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಡ್ರೈವಿಂಗ್ ಲೈಸೆನ್ಸು ಸಿಕ್ಕ ದಿನ ಮಿಖಾಲಿಸನ ಹಳೆಯ ಹೋಲ್ಡನ್ ಕಾರಿನಲ್ಲಿ ಮೊದಲು ಕೂರಿಸಿದ್ದು ಆಂಟಿಯನ್ನೇ. ಸೀಟು ಗಟ್ಟಿಯಾಗಿ ಹಿಡಿದುಕೊಂಡು, "ಇಂಗ್ಲಿಷ್ ಕಲ್ಸಿದ್ದು ತಪ್ಪಾಯ್ತೇನೋ," ಎಂದರು.

ಇದಾದ ಮುಂದಿನ ವರ್ಷದ ಮಾತು. ಕಡಲ ದಂಡೆಯ ಬಂಡೆಗಳ ಮೇಲೆ ಕೂತು ಇಬ್ಬರೂ ಮೀನು ಸ್ವಚ್ಛ ಮಾಡುತ್ತಿದ್ದೆವು. ನಾನು ಒಂದನ್ನು ಎತ್ತಿ ಹಿಡಿದು ಕೇಳಿದೆ. "ಆಂಟಿ, ಇದಕ್ಕೆ ಇಂಗ್ಲಿಷಲ್ಲಿ ಮಲೆಟ್. ನಮ್ಮಲ್ಲಿ ಕೇಫಲೋಸ್ ಅಂತೀವಿ. ನಿಮ್ಮಮ್ಮ ಏನಂತ ಕರೀತಿದ್ರು?"

ಅವರ ಕೈಯ ಚಾಕು ನಿಂತಿತು.

"ಗೊತ್ತಿಲ್ಲ," ಎಂದರು.

ನಾನು ಗಾಬರಿಯಾದೆ. "ನಾನು ಏನಾದ್ರೂ ತಪ್ಪು ಮಾತಾಡಿದ್ನಾ?"

"ಇಲ್ಲ ಮಗಳೇ. ಸರಿಯಾಗೇ ಕೇಳ್ದೆ. ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಕೇಳಿರ್ಲಿಲ್ಲ."

ಆ ವಾರವೆಲ್ಲ ಮೆಟ್ಟಿಲ ಮೇಲೆ ಅವರು ಕಾಣಲಿಲ್ಲ. ಭಾನುವಾರ ನಾನು ಚರ್ಚಿನಿಂದ ಬರುವಷ್ಟರಲ್ಲಿ ನಮ್ಮ ಕಾರಿನ ಪಕ್ಕ ನಿಂತಿದ್ದರು. ಒಳ್ಳೆಯ ಫ್ರಾಕು ಹಾಕಿದ್ದರು.

"ಊರಾಚೆ ನಮ್ಮ ಜನ ಇರೋ ಕ್ಯಾಂಪಿನಲ್ಲಿ ನೋರಾ ಅಂತ ಒಬ್ಬಳು ಅಜ್ಜಿ ಇದ್ದಾಳಂತೆ. ನಮ್ಮಮ್ಮನ ಕಡೆಯೋಳು. ಹಳೇ ಮಾತೆಲ್ಲ ಅವಳಿಗೆ ಬರುತ್ತಂತೆ. ಕರ್ಕೊಂಡೋಗ್ತೀಯಾ?"

ಅಲ್ಲಿಗೆ ಹೋದೆವು. ಆದರೆ ಆಂಟಿ ಕಾರಿನಿಂದ ಇಳಿಯಲೇ ಇಲ್ಲ.

"ಬೇಡ ಕಣೇ. ವಾಪಸ್ ಹೋಗೋಣ. ಈ ವಯಸ್ಸಲ್ಲಿ ಮಗು ಥರ ತೊದಲಿದ್ರೆ ನಗ್ತಾರೆ."

"ನಗ್ಲಿ ಬಿಡಿ! ನನ್ನ ನೋಡಿ ಈ ಊರೆಲ್ಲ ನಕ್ಕಿಲ್ವಾ? ನಾನೇನು ಸತ್ತು ಹೋದ್ನಾ?" ಎಂದೆ. ಬಾಗಿಲು ತೆಗೆದು ಕೈ ಹಿಡಿದು ಇಳಿಸಿದೆ.

ಮರದ ಕೆಳಗೆ ಕಂಬಳಿ ಹಾಸಿಕೊಂಡು ಕೂತಿದ್ದ ನೋರಜ್ಜಿ ತುಂಬ ಹೊತ್ತು ಆಂಟಿಯ ಮುಖವನ್ನೇ ನೋಡಿದಳು. ಆಮೇಲೆ ಕೆನ್ನೆ ಮುಟ್ಟಿ ಒಂದು ಹೆಸರು ಹೇಳಿದಳು. ಅದು ಆಂಟಿಯ ತಾಯಿಯ ಹೆಸರು. ಆಂಟಿ ಅವಳ ತೊಡೆಯ ಮೇಲೆ ತಲೆಯಿಟ್ಟುಬಿಟ್ಟರು. ನಾನು ಕಾರಿನ ಕಡೆ ತಿರುಗಿ ನಿಂತೆ.

ಆಮೇಲೆ ನಾವು ತಂದಿದ್ದ ಮಲೆಟ್ ಮೀನನ್ನು ಮುಂದಿಟ್ಟೆವು. ಅಜ್ಜಿ ಅದರ ಹೆಸರು ಹೇಳಿದಳು. ಆಂಟಿ ಹೇಳಲು ಹೋಗಿ ಎಡವಿದರು. ಅಜ್ಜಿಗೆ ನಗು ಬಂತು, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಆಂಟಿಗೂ ನಗು ಬಂತು. ಮತ್ತೆ ಹೇಳಿದರು. ಈ ಸಲ ಅಜ್ಜಿ ತಲೆಯಾಡಿಸಿದಳು.

ಅಂದಿನಿಂದ ಭಾನುವಾರ ಬಂದರೆ ನಮ್ಮ ಕಾರು ಅತ್ತ ಹೊರಡುತ್ತಿತ್ತು. ಒಂದೊಂದೇ ಮಾತು ಬಂತು. ನೀರು, ಬೆಂಕಿ, ಬಾ, ಕೂತ್ಕೋ, ತಂಗಿ. ದಾರಿಯಲ್ಲಿ ಆಂಟಿ ಕಲಿತದ್ದನ್ನು ಗುನುಗುತ್ತಿದ್ದರು, ಮರೆತರೆ ಸ್ಟೀರಿಂಗ್ ಹಿಡಿದಿದ್ದ ನನ್ನ ತೋಳು ತಟ್ಟಿ, "ಅದೇನೇ, ಅವಳು ಬೆಂಕಿಗೆ ಏನಂದ್ಲು?" ಎನ್ನುತ್ತಿದ್ದರು. ನನಗೆ ನೆನಪಿದ್ದರೆ ಹೇಳುತ್ತಿದ್ದೆ.

ಎರಡು ಮಳೆಗಾಲ ಕಳೆದವು. ಒಂದು ಭಾನುವಾರ ನಾನು ಬೆಂಕಿಯ ಮೇಲೆ ನಮ್ಮ ಗ್ರೀಕ್ ಕಾಫಿ ಕಾಯಿಸಿ, ಸೋಸದೆ ಪುಡಿ ಸಮೇತ ಇಬ್ಬರಿಗೂ ಕೊಟ್ಟೆ. ಕುಡಿಯುತ್ತ ಇಬ್ಬರೂ ಮಾತಿಗೆ ಬಿದ್ದರು. ಮಾತು ಜಗಳವಾಯಿತು, ಜಗಳ ನಗೆಯಾಯಿತು. ಆಂಟಿ ಎಲ್ಲಿಯೂ ತಡವರಿಸಲಿಲ್ಲ, ಇಂಗ್ಲಿಷಿಗೆ ಹೊರಳಲೂ ಇಲ್ಲ. ನನಗೆ ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಏನೂ ತಿಳಿಯಲಿಲ್ಲ. ಮನಸ್ಸು ಮಾತ್ರ ತುಂಬಿ ಬಂತು.

"ಏನಂತೆ ಆಂಟಿ?" ಎಂದೆ ಕೊನೆಗೆ ತಡೆಯಲಾರದೆ.

"ನಿನ್ನ ಕಾಫಿ ವಿಷಯಾನೇ. ತಳದಲ್ಲಿ ಕೆಸರಿದೆ, ಈ ಹುಡುಗಿ ಯಾವ ಹಳ್ಳದ ನೀರು ತಂದ್ಲು ಅಂತ ಕೇಳ್ತಿದಾಳೆ. ನಾನು, ಬೈಬೇಡ, ಅವಳು ನಮ್ಮವಳು ಅಂದೆ."

ಅಜ್ಜಿ ಬಟ್ಟಲು ಚಾಚಿದಳು. ನಾನು ಇನ್ನೊಂದಿಷ್ಟು ಕಾಫಿ ಬಗ್ಗಿಸಿದೆ.